ಸಹಾಯ ಬೇಕು: ಮೊದಲ ಮಹಾಯುದ್ಧದಲ್ಲಿ ಮಡಿದ ಹುಣಸೂರು ಸೀಮೆಯ ಸೈನಿಕರ ಹೆಸರುಗಳು

ಎಲ್ಲರಿಗೂ ನಮಸ್ಕಾರ. ಮೈಸೂರು ಸಂಸ್ಥಾನದ ಸೈನ್ಯದಲ್ಲಿದ್ದು 1914ರಿಂದ 1918ರವರೆಗಿನ ಯುದ್ಧದಲ್ಲಿ ಹೊರದೇಶದಲ್ಲಿ ಪ್ರಾಣ ಬಿಟ್ಟ ಹುಣಸೂರು ಪಟ್ಟಣದ ಮತ್ತು ಸುತ್ತಲಿನ ಹಳ್ಳಿಗಳ ಸೈನಿಕರ ಹೆಸರುಗಳೇನಾದರೂ ಸಿಕ್ಕರೆ ಅವುಗಳನ್ನು ಒಂದೆಡೆ ಸೇರಿಸಬೇಕೆಂಬ ಆಸೆಯಿಂದ ತಮ್ಮ ನೆರವು ಕೋರುತ್ತಿದ್ದೇನೆ.

ಮೈಸೂರು ಲ್ಯಾನ್ಸರ್ಸ್ ಅಶ್ವದಳವು ಈಜಿಪ್ಟಿನಲ್ಲಿ ಸೂಯೆಜ್ ಕಾಲುವೆಯ ಕಾವಲಿಗಿದ್ದು, 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದೊಡನೆ ಇಂದಿನ ಇಸ್ರೇಲಿನಲ್ಲಿರುವ ಹೈಫಾ ನಗರವನ್ನು ತುರ್ಕರಿಂದ ಗೆದ್ದದ್ದು ಅನೇಕರಿಗೆ ತಿಳಿದಿದೆ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಆ ದಳದ ಸ್ಮಾರಕವೂ ಇದೆ. ಆದರೆ ಮೆಸೊಪೊಟೇಮಿಯಾಕ್ಕೆ (ಇಂದಿನ ಇರಾಕಿಗೆ) ಹೋದ ಸಂಸ್ಥಾನದ ಸಾರಿಗೆ ದಳದವರನ್ನು ನೆನೆಯುವವರು ಕಡಿಮೆ. ಬಸ್ರಾದ ಸ್ಮಾರಕದಲ್ಲಿ ಸಾಮಾನ್ಯ ಭಾರತೀಯ ಸಿಪಾಯಿಗಳ ಹೆಸರುಗಳನ್ನು ಕೆತ್ತದೆ ಅವರ ಸಂಖ್ಯೆಯನ್ನಷ್ಟೇ ನಮೂದಿಸಲಾಗಿತ್ತು ಎಂಬುದನ್ನು ಓದಿದಾಗ ನನಗಾದ ಸಂಕಟವೇ ಈ ಕೆಲಸಕ್ಕೆ ಕಾರಣ.

ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆಗಳಲ್ಲಿ ಹಲವು ಭಾರತೀಯ ಸೈನಿಕರ ತಂದೆಯ ಹೆಸರು ಮತ್ತು ಊರು ಸಿಗುತ್ತವೆಯಾದರೂ, ನಮ್ಮ ಊರುಗಳ ಹೆಸರನ್ನು ಅಂದಿನ ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡಿರುವುದರಿಂದ ಯಾವುದು ಯಾವ ಹಳ್ಳಿಯೆಂದು ಗುರುತಿಸುವುದೇ ಕಷ್ಟವಾಗಿದೆ. ಹಳೆಯ ಗ್ರಾಮನಾಮಗಳನ್ನು ಬಲ್ಲವರು ದಯವಿಟ್ಟು ನೆರವಾಗಬೇಕು. ತಮ್ಮ ಮನೆಯಲ್ಲಿ ಪದಕ, ಪಿಂಚಣಿ ಪತ್ರ, ಹಳೆಯ ಕಾಗದ ಏನಿದ್ದರೂ, ಅಥವಾ ಅಜ್ಜಿಯರು ಹೇಳುತ್ತಿದ್ದ "ಮಿಸರಕ್ಕೆ (ಈಜಿಪ್ಟಿಗೆ) ಹೋದವರು ಮರಳಲಿಲ್ಲ" ಎಂಬಂಥ ಒಂದು ಮಾತು ನೆನಪಿದ್ದರೂ ತಿಳಿಸಿ. ಮೂಲ ವಸ್ತುವನ್ನು ಕಳುಹಿಸಬೇಕಿಲ್ಲ. ಎರಡೂ ಬದಿಯ ಸ್ಪಷ್ಟ ಚಿತ್ರ ಸಾಕು. ಪದಕದ ಅಂಚಿನಲ್ಲಿ ಸಾಮಾನ್ಯವಾಗಿ ಸೈನಿಕನ ಸಂಖ್ಯೆ, ಹೆಸರು ಮತ್ತು ದಳವನ್ನು ಕೊರೆದಿರುವುದರಿಂದ ಆ ಅಂಚಿನ ಚಿತ್ರವನ್ನು ಮರೆಯಬೇಡಿ.