ನಾಲ್ಕು ದೀಪಗಳ ಜಾಗ, ಇರುವುದು ಎರಡೇ ದೀಪ: 1964ರ ಫೋರ್ಡ್ ಥಂಡರ್‌ಬೋಲ್ಟ್ ಕುರಿತು ಒಂದು ಸಂದೇಹ

ತುಂಗಾತೀರ, ತೀರ್ಥಹಳ್ಳಿ:

ಮಾನ್ಯರೇ, ಡೆಟ್ರಾಯಿಟ್ ಸಮೀಪದಲ್ಲಿ ನೆಲೆಸಿರುವ ನನ್ನ ಭಾವಮೈದುನ ಕಳೆದ ತಿಂಗಳು ಊರಿಗೆ ಬಂದಾಗ ನನ್ನ ಮೊಮ್ಮಗಳಿಗೆಂದು ಒಂದು ಲೋಹದ ಮಾದರಿ ಕಾರನ್ನು ತಂದುಕೊಟ್ಟರು. ಅಂಗೈಗಿಂತ ತುಸು ಉದ್ದವಿರುವ, ಕಡುಗೆಂಪು ಬಣ್ಣದ ಆ ಕಾರಿನ ಅಡಿಭಾಗದಲ್ಲಿ ‘ಫೋರ್ಡ್ ಫೇರ್‌ಲೇನ್ ಥಂಡರ್‌ಬೋಲ್ಟ್, 1964’ ಎಂದು ಅಚ್ಚಾಗಿದೆ. ಮುಂಭಾಗದ ಎರಡೂ ಬದಿಗೆ ಎರಡೆರಡು ದೀಪಗಳ ಜಾಗವಿದ್ದರೂ ಹೊರಗಿನವುಗಳಲ್ಲಿ ಮಾತ್ರ ದೀಪಗಳಿವೆ. ಒಳಗಿನ ಎರಡರಲ್ಲಿ ಬರಿಯ ಜಾಲರಿ. ಆಟಿಕೆ ಮಾಡಿದವರು ದೀಪ ಕೂರಿಸುವುದನ್ನು ಮರೆತಿದ್ದಾರೆಂದು ಮೊಮ್ಮಗಳು ಹಟ ಹಿಡಿದಿದ್ದಾಳೆ. ಇದು ಡ್ರ್ಯಾಗ್ ರೇಸಿಗಾಗಿ ಕಂಪನಿಯೇ ತಯಾರಿಸಿ ಮಾರಿದ ಕಾರೆಂದು ಭಾವಮೈದುನ ಹೇಳಿದರು, ಆದರೆ ದೀಪದ ವಿಷಯ ಅವರಿಗೂ ತಿಳಿಯದು.

ಕುತೂಹಲದಿಂದ ಆ ಕಾಲದ ಕಾರುಗಳ ವಿವರಗಳನ್ನು ಓದುತ್ತಾ ಹೋದಾಗ ಎರಡನೆಯ ಸಂದೇಹ ಹುಟ್ಟಿತು. ಫೋರ್ಡಿನ 427 (ಈ ಸಂಖ್ಯೆಗಳು ಘನ ಅಂಗುಲದಲ್ಲಿ ಎಂಜಿನ್ನಿನ ಗಾತ್ರ), ಕ್ರೈಸ್ಲರ್‌ನ 426 ಹೆಮಿ (ಅರ್ಧಗೋಳಾಕಾರದ ದಹನಕೋಣೆಯದು), ಷೆವರ್ಲೆಯ 409, ಈ ಮೂರು ಬೇರೆ ಬೇರೆ ಕಂಪನಿಗಳ ಎಂಜಿನ್ನುಗಳಿಗೂ 425 ಅಶ್ವಶಕ್ತಿ ಎಂದೇ ಬರೆದಿದೆ. ಅಕ್ಕಿ ಗಿರಣಿಯ ಡೀಸೆಲ್ ಎಂಜಿನ್ನಿನೊಡನೆ ಮೂವತ್ತು ವರ್ಷ ಏಗಿದವನಾದ ನನಗೆ, ಒಂದೇ ಕಂಪನಿಯ ಎರಡು ಎಂಜಿನ್ನುಗಳೇ ಒಂದರಂತೆ ಇನ್ನೊಂದು ಎಳೆಯುವುದಿಲ್ಲವೆಂಬುದು ಗೊತ್ತು. ಹಾಗಿರುವಾಗ ಈ ಸಂಖ್ಯೆ ಎಲ್ಲಿಂದ ಬಂತು? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಬೋರಿಂಗ್ ಲೇತ್, ಶಿವಮೊಗ್ಗ:

ತಮ್ಮ ಮಾದರಿ ಕಾರು ಸರಿಯಾಗಿಯೇ ಇದೆ. ಥಂಡರ್‌ಬೋಲ್ಟ್‌ನಲ್ಲಿ ಒಳಗಿನ ಎರಡು ದೀಪಗಳನ್ನು ಕಂಪನಿಯವರೇ ತೆಗೆದು, ಆ ತೂತುಗಳಿಗೆ ಜಾಲರಿ ಹಾಕಿ, ಅಲ್ಲಿಂದ ಎರಡು ದಪ್ಪ ಕೊಳವೆಗಳನ್ನು ಕಾರ್ಬೊರೇಟರ್‌ಗಳ ಮೇಲಿನ ಗಾಳಿಪೆಟ್ಟಿಗೆಗೆ ಜೋಡಿಸಿದ್ದರು. ಬಾನೆಟ್ಟಿನೊಳಗಿನ ಬಿಸಿಗಾಳಿಯ ಬದಲು ಹೊರಗಿನ ತಣ್ಣನೆಯ, ಸಾಂದ್ರವಾದ ಗಾಳಿ ಎಂಜಿನ್ನಿಗೆ ಸಿಕ್ಕರೆ ಅಷ್ಟೇ ಹೆಚ್ಚು ಪೆಟ್ರೋಲನ್ನು ಉರಿಸಬಹುದು. ಬೇಸಿಗೆಯ ಮಧ್ಯಾಹ್ನ ಮಂಕಾಗಿ ಎಳೆಯುವ ಗಾಡಿ ಮುಂಜಾವಿನ ಮಂಜಿನಲ್ಲಿ ಲವಲವಿಕೆಯಿಂದ ಓಡುವುದನ್ನು ನಮ್ಮ ಕಡೆಯವರೆಲ್ಲ ಕಂಡಿದ್ದೇವೆ, ಕಾರಣ ಅದೇ.

ಇನ್ನು ಈ ಕಾರು ಹುಟ್ಟಿದ ಬಗೆ. ಡ್ರ್ಯಾಗ್ ರೇಸ್ ಎಂದರೆ ನಿಂತಲ್ಲಿಂದ ಹೊರಟು ಕಾಲು ಮೈಲಿಯ, ಅಂದರೆ ಸುಮಾರು 402 ಮೀಟರಿನ ನೇರ ದಾರಿಯನ್ನು ಇಬ್ಬರಲ್ಲಿ ಮೊದಲು ಮುಗಿಸುವವರು ಯಾರು ಎಂಬ ಪಂದ್ಯ. ವಾಲಿ ಪಾರ್ಕ್ಸ್ ಅವರು 1951ರಲ್ಲಿ ಸ್ಥಾಪಿಸಿದ ಎನ್‌ಎಚ್‌ಆರ್‌ಎ ಎಂಬ ಸಂಸ್ಥೆ ಇದಕ್ಕೆ ನಿಯಮಗಳನ್ನು ಮಾಡಿತು. ಸೂಪರ್ ಸ್ಟಾಕ್ ವರ್ಗದಲ್ಲಿ (ಸ್ಟಾಕ್ ಎಂದರೆ ಕಾರ್ಖಾನೆಯಿಂದ ಬಂದ ರೂಪದ ಕಾರು) ಓಡುವ ಕಾರು ಜನರಿಗೆ ಮಾರಾಟಕ್ಕಿರಬೇಕು, ಕನಿಷ್ಠ 50 ಕಾರುಗಳಾದರೂ ತಯಾರಾಗಿರಬೇಕು, ಎಂಜಿನ್ನು 427 ಘನ ಅಂಗುಲವನ್ನು, ಅಂದರೆ ಏಳು ಲೀಟರನ್ನು, ಮೀರಬಾರದು ಎಂಬವು ಆ ಹೊತ್ತಿನ ಮುಖ್ಯ ನಿಯಮಗಳು. ಮೂರು ಕಂಪನಿಗಳ ದೊಡ್ಡ ಎಂಜಿನ್ನುಗಳು 426, 427 ಎಂದು ಒಂದೇ ಕಡೆ ಬಂದು ನಿಂತದ್ದೂ ಈ ಗೆರೆಯಿಂದಲೇ.

ಫೋರ್ಡಿನ ದೊಡ್ಡ ಗ್ಯಾಲಕ್ಸಿ ಕಾರು 427 ಎಂಜಿನ್ನಿದ್ದರೂ ಭಾರದಿಂದ ಸೋಲುತ್ತಿತ್ತು. ಆದ್ದರಿಂದ ಅದೇ ಎಂಜಿನ್ನನ್ನು ಚಿಕ್ಕದಾದ ಫೇರ್‌ಲೇನಿಗೆ ತುರುಕಲು ನಿರ್ಧರಿಸಿ, ಆ ಕೆಲಸವನ್ನು ಡಿಯರ್‌ಬಾರ್ನ್ ಸ್ಟೀಲ್ ಟ್ಯೂಬಿಂಗ್ ಎಂಬ ಹೊರಗಿನ ಸಂಸ್ಥೆಗೆ ವಹಿಸಿದರು. ಎಂಜಿನ್ನು ಹಿಡಿಸಲು ಮುಂದಿನ ಸಸ್ಪೆನ್ಷನ್ನಿನ ಜಾಗವನ್ನು ಕತ್ತರಿಸಿ ಸರಿಪಡಿಸಬೇಕಾಯಿತು. ಬಾನೆಟ್ಟಿನ ಮೇಲೆ ನೀರಿನ ಹನಿಯಾಕಾರದ ಉಬ್ಬು ಬಂದದ್ದು ಕಾರ್ಬೊರೇಟರ್‌ಗಳು ಎತ್ತರದಲ್ಲಿ ಕುಳಿತ ಕಾರಣದಿಂದ. ಬಾನೆಟ್ಟು, ಮುಂದಿನ ಮಡ್‌ಗಾರ್ಡುಗಳು ಫೈಬರಿನವು. ರೇಡಿಯೊ ಇಲ್ಲ, ಹೀಟರ್ ಇಲ್ಲ, ಸ್ಟೆಪ್ನಿ ಇಲ್ಲ, ಜಾಕ್ ಇಲ್ಲ, ಕಾರ್ಪೆಟ್ ಬದಲು ರಬ್ಬರ್ ಚಾಪೆ. ಚಾಲಕನ ಪಕ್ಕದವನ ಕಡೆಯ ವೈಪರನ್ನೂ ತೆಗೆದಿದ್ದರು. ಒಂದೇ ವೈಪರಿನ ಕಾರನ್ನು ಆಷಾಢದಲ್ಲಿ ಆಗುಂಬೆ ಘಾಟಿಗೆ ತಂದವನ ಗತಿಯನ್ನು ತಾವೇ ಊಹಿಸಿಕೊಳ್ಳಿ! ಬ್ಯಾಟರಿಯಾದರೋ ಲಾರಿಗೆ ಹಾಕುವಂಥ ಭಾರದ್ದು, ಅದನ್ನು ಡಿಕ್ಕಿಯ ಬಲಮೂಲೆಯಲ್ಲಿ ಕೂರಿಸಿದರು. ಇಷ್ಟೆಲ್ಲ ಆದ ಮೇಲೆ ಕಾರಿನ ತೂಕ ನಿಯಮದ ಕೆಳಮಿತಿಯಾದ ಸುಮಾರು 1,450 ಕಿಲೋ ಹತ್ತಿರಕ್ಕೆ ಬಂತು, ಕಾಲು ಮೈಲಿಯನ್ನು 12 ಸೆಕೆಂಡಿಗೂ ಒಳಗೆ ಮುಗಿಸತೊಡಗಿತು. ಒಟ್ಟು 100 ಕಾರುಗಳು ತಯಾರಾದವು. ಈ ಗಾಡಿಯ ಫಿನಿಶಿಂಗ್ ಕಂಪನಿಯ ಮಾಮೂಲು ಕಾರುಗಳ ಮಟ್ಟದಲ್ಲಿರುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡ ಒಂದು ಫಲಕವನ್ನೂ ಒಳಗೆ ಅಂಟಿಸಿದ್ದರು. ಮಾರುವವನೇ ಹೀಗೆ ಬರೆದುಕೊಟ್ಟ ಇನ್ನೊಂದು ವಾಹನವನ್ನು ನಾನಂತೂ ಕಂಡಿಲ್ಲ.

425ರ ವಿಷಯಕ್ಕೆ ಬಂದರೆ, ತಮ್ಮ ಅನುಮಾನ ಸರಿ. ಜಮೀನಿನ ನೋಂದಣಿಯಲ್ಲಿ ಕಾಗದದ ಬೆಲೆಯೇ ಬೇರೆ, ಕೈಬದಲಾದ ಹಣವೇ ಬೇರೆ ಇರುವುದಿಲ್ಲವೇ, ಅದರ ಹಾಗೆ. ಥಂಡರ್‌ಬೋಲ್ಟ್‌ನ ನಿಜವಾದ ಶಕ್ತಿ 500 ಅಶ್ವಶಕ್ತಿಯನ್ನು ಮೀರಿತ್ತೆಂದು ಅದನ್ನು ಬಿಚ್ಚಿ ಕಟ್ಟಿದವರೆಲ್ಲರ ಅಭಿಪ್ರಾಯ. ರೇಸ್ ಹೆಮಿಯದೂ ಅಷ್ಟೇ. ಸ್ಟಾಕ್ ಕಾರುಗಳ ಹಲವು ವರ್ಗಗಳನ್ನು ಕಾರಿನ ತೂಕವನ್ನು ಕಂಪನಿ ಘೋಷಿಸಿದ ಅಶ್ವಶಕ್ತಿಯಿಂದ ಭಾಗಿಸಿ ನಿರ್ಧರಿಸುತ್ತಿದ್ದುದರಿಂದ, ಕಡಿಮೆ ಘೋಷಿಸಿದವನಿಗೆ ದುರ್ಬಲ ಎದುರಾಳಿಗಳ ಸಾಲು ಸಿಗುತ್ತಿತ್ತು. ದಶಕದ ಕೊನೆಗೆ ವಿಮಾ ಕಂಪನಿಗಳು ಶಕ್ತಿ ನೋಡಿ ಕಂತು ಏರಿಸತೊಡಗಿದ್ದು ಇನ್ನೊಂದು ಕಾರಣ. ಇದರ ತುದಿ ಕಂಡದ್ದು 1968ರ ಮಸ್ಟ್ಯಾಂಗ್ ಕೋಬ್ರಾ ಜೆಟ್‌ನಲ್ಲಿ: ಏಳು ಲೀಟರಿನ 428 ಎಂಜಿನ್ನಿಗೆ 335 ಅಶ್ವಶಕ್ತಿಯೆಂದು ಘೋಷಣೆ! ಅದೇ ಫೆಬ್ರುವರಿಯಲ್ಲಿ ಪೊಮೋನಾದ ವಿಂಟರ್‌ನ್ಯಾಷನಲ್ಸ್ ಪಂದ್ಯದಲ್ಲಿ ಆಲ್ ಜೋನಿಯೆಕ್ ಆ ಕಾರಿನಲ್ಲಿ ಸೂಪರ್ ಸ್ಟಾಕ್ ಗೆದ್ದ ಮೇಲೆ ಆ ಸಂಖ್ಯೆಯನ್ನು ನಂಬುವವರು ಉಳಿಯಲಿಲ್ಲ. ಎನ್‌ಎಚ್‌ಆರ್‌ಎ ತನ್ನದೇ ಲೆಕ್ಕದಲ್ಲಿ ಅದನ್ನು ಏರಿಸಿತು.

ಕೊಡಚಾದ್ರಿ ಜೀಪು, ನಿಟ್ಟೂರು:

ಬ್ಯಾಟರಿ ಬಲಮೂಲೆಗೆ ಏಕೆ ಎಂಬುದನ್ನು ಮೇಲಿನವರು ಹೇಳದೆ ಬಿಟ್ಟಿದ್ದಾರೆ, ನಾನು ಸೇರಿಸುತ್ತೇನೆ. ಮಳೆಗಾಲದಲ್ಲಿ ಖಾಲಿ ಜೀಪನ್ನು ಕೆಸರಿನ ಏರಿಗೆ ತಂದರೆ ಹಿಂದಿನ ಚಕ್ರಗಳು ನಿಂತಲ್ಲೇ ಉರುಳುತ್ತವೆ. ಇಬ್ಬರನ್ನು ಹಿಂದಿನ ಬಂಪರಿನ ಮೇಲೆ ನಿಲ್ಲಿಸಿದರೆ ಗಾಡಿ ಹತ್ತುತ್ತದೆ. ಡ್ರ್ಯಾಗ್ ಕಾರಿನ ಕಷ್ಟವೂ ಅದೇ, ಕೆಸರಿನ ಬದಲು ಅಳತೆಮೀರಿದ ಶಕ್ತಿ ಅಲ್ಲಿ ಚಕ್ರವನ್ನು ಜಾರಿಸುತ್ತದೆ. ಮೇಲಾಗಿ ಪ್ರೊಪೆಲ್ಲರ್ ಶಾಫ್ಟ್ ಆಕ್ಸಲನ್ನು ತಿರುಚುವಾಗ ಎಡ ಚಕ್ರ ನೆಲಕ್ಕೊತ್ತಿ ಬಲ ಚಕ್ರ ಹಗುರವಾಗುತ್ತದೆ. ಆ ಬಲ ಚಕ್ರದ ಮೇಲೆ ಇಟ್ಟ ಭಾರವೇ ಆ ಬ್ಯಾಟರಿ.

ಇದೇ ಯೋಚನೆಯನ್ನು ಕ್ರೈಸ್ಲರ್‌ನವರು 1965ರಲ್ಲಿ ಅತಿರೇಕಕ್ಕೆ ಒಯ್ದರು. ತಮ್ಮ ಕೆಲವು ಡಾಡ್ಜ್, ಪ್ಲಿಮತ್ ಕಾರುಗಳ ಹಿಂದಿನ ಚಕ್ರಗಳನ್ನು 15 ಅಂಗುಲ, ಮುಂದಿನವನ್ನು 10 ಅಂಗುಲ ಮುಂದಕ್ಕೆ ಸರಿಸಿದ್ದರಿಂದ ಗಾಡಿಯ ಅರ್ಧಕ್ಕಿಂತ ಹೆಚ್ಚು ಭಾರ ಹಿಂದಿನ ಚಕ್ರಗಳ ಮೇಲೆ ಬಿತ್ತು. ನೋಡಲು ಎಷ್ಟು ವಿಚಿತ್ರವಾಗಿದ್ದವೆಂದರೆ ಜನ ನಗಾಡಿ ‘ಫನ್ನಿ ಕಾರ್’ ಎಂದು ಕರೆದರು, ಆ ಹೆಸರೇ ಮುಂದೆ ಒಂದು ರೇಸ್ ವರ್ಗಕ್ಕೆ ನಿಂತಿತು. ಎನ್‌ಎಚ್‌ಆರ್‌ಎ ಇವನ್ನು ಸ್ಟಾಕ್ ಎಂದು ಒಪ್ಪಲಿಲ್ಲ. ಒಪ್ಪದಿದ್ದುದೇ ಸರಿ ಎಂದು ನನ್ನ ಅಭಿಪ್ರಾಯ.

ಉಕ್ಕಿನ ಊರಿನವ, ಭದ್ರಾವತಿ:

ಚರ್ಚೆಯಲ್ಲಿ ಒಂದು ವ್ಯತ್ಯಾಸ ಮಸುಕಾಗುತ್ತಿದೆ. ಜನರು ಕೊಂಡು ಕಚೇರಿಗೂ ಮಾರುಕಟ್ಟೆಗೂ ಓಡಿಸಿದ ಮಸಲ್ ಕಾರು ಬೇರೆ, ಇಲ್ಲಿ ಹೇಳುತ್ತಿರುವ ಕಾರ್ಖಾನೆಯ ಡ್ರ್ಯಾಗ್ ಕಾರು ಬೇರೆ. ಪಾಂಟಿಯಾಕ್, ಷೆವರ್ಲೆಗಳ ಒಡೆಯನಾದ ಜನರಲ್ ಮೋಟರ್ಸ್ 1963ರ ಜನವರಿಯಲ್ಲಿ ರೇಸಿಂಗಿನಿಂದ ಹಿಂದೆ ಸರಿದಾಗ, ಚಾಸಿಗೆ ತೂತುಗಳನ್ನು ಕೊರೆದು ಹಗುರ ಮಾಡಿದ ಪಾಂಟಿಯಾಕ್ ಕ್ಯಾಟಲಿನಾ ಕೆಲವೇ ಸಂಖ್ಯೆಗೆ ನಿಂತುಹೋಯಿತು, ಅಲ್ಯೂಮಿನಿಯಂ ಬಾನೆಟ್ಟಿನ ಷೆವರ್ಲೆ ಇಂಪಾಲಾ ಝಡ್11 ಐವತ್ತೇಳಕ್ಕೆ ನಿಂತಿತು. ಕೈಕಟ್ಟಿದಂತಾದ ಪಾಂಟಿಯಾಕ್ ಎಂಜಿನಿಯರುಗಳು 389 ಎಂಜಿನ್ನನ್ನು ಮಧ್ಯಮ ಗಾತ್ರದ ಕಾರಿಗೆ ಹಾಕಿ 1964ರಲ್ಲಿ ಜಿಟಿಒ ಎಂದು ಮಾರಿದಾಗ ಮೊದಲ ವರ್ಷವೇ 32,000ಕ್ಕೂ ಹೆಚ್ಚು ಹೋದವು. ಮಸಲ್ ಕಾರು ಎಂದು ಲೋಕ ಕರೆಯುವುದು ಅದನ್ನು.

ಉಕ್ಕಿನ ಕಾರ್ಖಾನೆಯ ನೆರಳಿನಲ್ಲಿ ಬೆಳೆದ ನನಗೆ ಇಷ್ಟವಾಗುವ ಭಾಗ ಇನ್ನೊಂದಿದೆ. 1965ಕ್ಕೆ ಸೂಪರ್ ಸ್ಟಾಕ್‌ನಲ್ಲಿ ಫೈಬರ್ ಮತ್ತು ಅಲ್ಯೂಮಿನಿಯಂ ಭಾಗಗಳನ್ನು ನಿಷೇಧಿಸಿದಾಗ ಕ್ರೈಸ್ಲರ್‌ನವರು ಮರುಮಾತಾಡದೆ ಉಕ್ಕಿನ ತಗಡನ್ನೇ ತೆಳುವಾಗಿಸಿ ಬಾಗಿಲು, ಬಾನೆಟ್ಟುಗಳನ್ನು ಒತ್ತಿದರು. ನಿಯಮ ಉಕ್ಕು ಎಂದಿತ್ತೇ ಹೊರತು ಎಷ್ಟು ದಪ್ಪದ ಉಕ್ಕು ಎಂದಿರಲಿಲ್ಲ. 1968ರಲ್ಲಿ ಹರ್ಸ್ಟ್ ಸಂಸ್ಥೆಯೊಡನೆ ಸೇರಿ ತಯಾರಿಸಿದ ಹೆಮಿ ಡಾರ್ಟ್ ಮತ್ತು ಬ್ಯಾರಕುಡಾಗಳ ಬಾಗಿಲುಗಳನ್ನು ಆಮ್ಲದಲ್ಲಿ ಅದ್ದಿ ಸವೆಸಿದ್ದರು. ಕಿಟಕಿಯ ಗಾಜು ಏರಿಸಲು ಹಿಡಿಕೆಯ ಬದಲು ಒಂದು ಪಟ್ಟಿ, ಕೂರಲು ವ್ಯಾನಿನ ಹಗುರ ಸೀಟುಗಳು, ಬಣ್ಣ ಹಚ್ಚುವ ಕೆಲಸ ಕೊಂಡವನದು. ಸಾರ್ವಜನಿಕ ರಸ್ತೆಗೆ ಅಲ್ಲವೆಂಬ ಸೂಚನೆಯನ್ನೂ ಅಂಟಿಸಿಯೇ ಕಳುಹಿಸಿದರು.

ಭಾನುವಾರ ಗೆದ್ದ ಕಾರು ಸೋಮವಾರ ಮಾರಾಟವಾಗುತ್ತದೆಂಬ ಮಾತನ್ನು ಆ ಕಾಲದ ಬಗ್ಗೆ ಬರೆಯುವವರೆಲ್ಲ ಎತ್ತಿ ಹೇಳುತ್ತಾರೆ, ಆದರೆ ಅದು ಎಲ್ಲ ಕಾರಿಗೂ ನಡೆಯಲಿಲ್ಲ. ಇಲಿನಾಯ್‌ನ ಲಾ ಹಾರ್ಪ್ ಎಂಬ ಸಣ್ಣ ಊರಿನ ಷೆವರ್ಲೆ ಡೀಲರ್ ಫ್ರೆಡ್ ಗಿಬ್, 1969ರಲ್ಲಿ ಪೂರ್ತಿ ಅಲ್ಯೂಮಿನಿಯಂನ 427 ಎಂಜಿನ್ನುಳ್ಳ ಝಡ್ಎಲ್1 ಕಮಾರೊಗಳನ್ನು 50 ಸಂಖ್ಯೆಯಲ್ಲಿ ತರಿಸಿದರು. ಎಂಜಿನ್ನಿಗೇ 4,000 ಡಾಲರಿಗೂ ಹೆಚ್ಚು ಬಿದ್ದು ಕಾರಿನ ಬೆಲೆ 7,000 ಡಾಲರು ದಾಟಿದಾಗ ಕೊಳ್ಳುವವರಿಲ್ಲದೆ ಬಹಳಷ್ಟನ್ನು ಕಂಪನಿಗೇ ಹಿಂದಿರುಗಿಸಬೇಕಾಯಿತು. ಒಟ್ಟು ತಯಾರಾದದ್ದು 69.

ತುಂಗಾತೀರ, ತೀರ್ಥಹಳ್ಳಿ:

ಎಲ್ಲರಿಗೂ ಕೃತಜ್ಞತೆಗಳು. ದೀಪದ ವಿಷಯವನ್ನು ಮೊಮ್ಮಗಳಿಗೆ ಓದಿ ಹೇಳಿದೆ. ಗಾಳಿ ಕುಡಿಯುವ ಕಾರೆಂದು ಒಪ್ಪಿಕೊಂಡಳು. ಆದರೆ ಜಾಲದಲ್ಲಿ ಕಂಡ ಚಿತ್ರಗಳಲ್ಲಿ ಈ ಕಾರು ಬಹುಮಟ್ಟಿಗೆ ಬಿಳಿಯದೇ ಇದೆ. ನಮ್ಮದರ ಕಡುಗೆಂಪು ಬಣ್ಣ ಸರಿಯೇ?

ಬೋರಿಂಗ್ ಲೇತ್, ಶಿವಮೊಗ್ಗ:

ಸರಿಯೇ. ಮೊದಲ 11 ಕಾರುಗಳು ಕಡುಗೆಂಪು, ಉಳಿದವು ಬಿಳಿ. ತಮ್ಮದು ಮೊದಲ ಹನ್ನೊಂದರ ಪೈಕಿ ಎಂದು ತಿಳಿಯಿರಿ.

ತುಂಗಾತೀರ, ತೀರ್ಥಹಳ್ಳಿ:

ಧನ್ಯವಾದ. ಇದನ್ನು ಬರೆಯುತ್ತಿರುವಾಗ ಮೊಮ್ಮಗಳು ಕಾರನ್ನು ಕಿಟಕಿಯ ಬೆಳಕಿಗೆ ಹಿಡಿದು ಎಣಿಸಿ, ಮುಂದಿನ ಗಾಜಿನ ಮೇಲೆ ಎರಡು ವೈಪರುಗಳಿವೆ ಎಂದು ತೋರಿಸುತ್ತಿದ್ದಾಳೆ. ಅಂತೂ ಆಟಿಕೆಯವರದು ತಪ್ಪೇ ಎಂಬ ಅವಳ ವಾದ ಉಳಿಯಿತು.