ಜೂಮ್‌ನಲ್ಲೇ ಪ್ಲಾನಿಂಗ್ ಹಿಯರಿಂಗ್ ಅಂತೆ, ಇದು ನಡೆಯುತ್ತಾ?

ಹಿತ್ತಲ_ನಿಂಬೆಗಿಡ (ಜೂನ್ 2020)

ಎಲ್ಲರಿಗೂ ನಮಸ್ಕಾರ. ನಾವಿರೋದು ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ. ಹಿಂದಿನ ಬೀದಿಯಲ್ಲಿ ಹಳೇ ನರ್ಸರಿ ಇದ್ದ ಜಾಗಕ್ಕೆ ನಾಲ್ಕು ಮಹಡಿ ಅಪಾರ್ಟ್‌ಮೆಂಟ್ ಬರುತ್ತಂತೆ. ಸಿಟಿಯಿಂದ ಪೋಸ್ಟ್‌ಕಾರ್ಡ್ ಬಂದಿದೆ. ಪ್ಲಾನಿಂಗ್ ಕಮಿಷನ್ (ಕಟ್ಟಡಗಳಿಗೆ ಒಪ್ಪಿಗೆ ಕೊಡೋ ಸಿಟಿ ಸಮಿತಿ) ಹಿಯರಿಂಗ್, ಅಂದರೆ ಜನರ ಅಹವಾಲು ಕೇಳೋ ಸಭೆ, ಜೂಮ್‌ನಲ್ಲೇ ನಡೆಯುತ್ತದೆ, ಸಿಟಿ ಹಾಲ್‌ಗೆ ಯಾರೂ ಬರೋ ಹಾಗಿಲ್ಲ ಅಂತ ಅದರಲ್ಲಿದೆ.

ಮನೆ ಕಟ್ಟೋದೇ ಬೇಡ ಅನ್ನೋರು ನಾವಲ್ಲ. ನಮ್ಮ ಚಿಂತೆ ಆ ಗ್ಯಾರೇಜ್ ದಾರಿಯದು. ನಕ್ಷೆ ನೋಡಿದರೆ ಅದು ನೇರ ಮಕ್ಕಳು ಸ್ಕೂಲಿಗೆ ನಡೆದು ಹೋಗುವ ಫುಟ್‌ಪಾತಿಗೇ ಬಂದು ಬೀಳುತ್ತದೆ, ಪಕ್ಕದಲ್ಲಿ ಆಳೆತ್ತರದ ಗೋಡೆ ಬೇರೆ. ಇಂಥ ಹಿಯರಿಂಗ್ ಕಾನೂನುಬದ್ಧವಾ? ಕೊರೋನಾ ಮುಗಿಯೋವರೆಗೆ ಮುಂದೂಡಿ ಅಂತ ಕೇಳಬಹುದಾ? ಇನ್ನೊಂದು, ನಮ್ಮತ್ತೆಯವರು ಆ ದಾರಿಯಲ್ಲಿ ದಿನಾ ವಾಕಿಂಗ್ ಹೋಗ್ತಾರೆ, ತಾವೂ ಮಾತಾಡಬೇಕು ಅಂತಿದ್ದಾರೆ. ಅವರಿಗೆ ಬರೋದು ಕನ್ನಡ ಒಂದೇ.

ಕಡತದ_ಹುಳು

ನಾನು ಬೇರೆ ಊರಿನ ಪ್ಲಾನಿಂಗ್ ಇಲಾಖೆಯಲ್ಲಿ ಕೆಲಸ ಮಾಡೋನು, ವಕೀಲ ಅಲ್ಲ. ಹಿಯರಿಂಗ್ ಕಾನೂನುಬದ್ಧವೇ. ಇಲ್ಲಿನ ಸ್ಥಳೀಯ ಸಭೆಗಳಿಗೆಲ್ಲ 1953ರ ಬ್ರೌನ್ ಆ್ಯಕ್ಟ್ ಅನ್ನೋ ಬಹಿರಂಗ ಸಭೆ ಕಾನೂನು ಅನ್ವಯಿಸುತ್ತದೆ. ಮಾಮೂಲಿ ದಿನಗಳಲ್ಲಿ ಕಮಿಷನರ್ ಒಬ್ಬರು ಫೋನಲ್ಲಿ ಸೇರಬೇಕು ಅಂದರೆ ಅವರು ಕೂತಿರೋ ಜಾಗದ ವಿಳಾಸವನ್ನು ಅಜೆಂಡಾದಲ್ಲಿ ಹಾಕಬೇಕು, ಜನರನ್ನೂ ಅಲ್ಲಿಗೆ ಬಿಡಬೇಕು. ಈಗ ಎಲ್ಲರೂ ಮನೆಯಲ್ಲಿ ಕೂತಿರುವಾಗ ಅವರ ಡೈನಿಂಗ್ ಟೇಬಲ್ ಹತ್ತಿರಕ್ಕೆ ಊರವರನ್ನೆಲ್ಲ ಬಿಡೋಕಾಗುತ್ತಾ? ಹಾಗಾಗಿ ಮಾರ್ಚ್ 17ರಂದು ಗವರ್ನರ್ ನ್ಯೂಸಮ್ ಎನ್-29-20 ಆದೇಶ ಹೊರಡಿಸಿ ಆ ಷರತ್ತುಗಳನ್ನು ತಡೆಹಿಡಿದರು. ಆದರೆ ಜನ ಫೋನಲ್ಲೋ ಇಂಟರ್ನೆಟ್ಟಲ್ಲೋ ಸಭೆ ಕೇಳುವಂತಿರಬೇಕು, ಮಾತಾಡುವಂತಿರಬೇಕು, ಹೇಗೆ ಅನ್ನೋದು ನೋಟಿಸಲ್ಲೇ ಇರಬೇಕು. ನಿಮ್ಮ ಕಾರ್ಡಿನಲ್ಲಿ ಅದಿಲ್ಲದಿದ್ದರೆ ಮಾತ್ರ ಜಗಳಕ್ಕೆ ದಾರಿ ಇದೆ.

ಮುಂದೂಡಿ ಅಂತ ಕೇಳಬಹುದು, ಸಿಗೋದು ಕಷ್ಟ. ಈ ಜನವರಿಯಿಂದ ಎಸ್‌ಬಿ 330 ಅನ್ನೋ ರಾಜ್ಯದ ವಸತಿ ಕಾನೂನು ಜಾರಿಯಲ್ಲಿದೆ. ನಿಯಮಕ್ಕೆ ಹೊಂದುವ ವಸತಿ ಯೋಜನೆಗೆ 5ಕ್ಕಿಂತ ಜಾಸ್ತಿ ಹಿಯರಿಂಗ್ ಮಾಡುವಂತಿಲ್ಲ, ಮುಂದಕ್ಕೆ ಹಾಕಿದ ಹಿಯರಿಂಗೂ ಆ ಐದರಲ್ಲಿ ಒಂದು ಅಂತಲೇ ಲೆಕ್ಕ. ಅರ್ಜಿ ತೀರ್ಮಾನಿಸೋಕೆ ಗಡುವು ಬೇರೆ ಇರುತ್ತದೆ. ಸಿಟಿಗಳು ಸುಮ್ನೆ ಕೂರೋ ಸ್ಥಿತಿಯಲ್ಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಜೂಮಾ ಹಾಲಾ ಅಂತ ತಲೆ ಕೆಡಿಸಿಕೊಳ್ಳೋದಕ್ಕಿಂತ ಮೊದಲು ನಿಮ್ಮ ಮಾತು ಕಡತದಲ್ಲಿ ಕೂರೋ ಹಾಗೆ ನೋಡಿಕೊಳ್ಳಿ. ನಾಳೆ ಯಾರಾದರೂ ಕೋರ್ಟಿಗೆ ಹೋದರೆ ಹಿಯರಿಂಗ್‌ನಲ್ಲಿ ಎತ್ತಿದ ವಿಷಯ ಅಥವಾ ಅದು ಮುಗಿಯೋದರೊಳಗೆ ಲಿಖಿತವಾಗಿ ತಲುಪಿಸಿದ ವಿಷಯಕ್ಕೆ ಮಾತ್ರ ವಾದವನ್ನು ಸೀಮಿತ ಮಾಡಬಹುದು. ನಿಮ್ಮ ಸರದಿ ಬಂದಾಗಲೇ ವೈಫೈ ಕೈಕೊಟ್ಟರೆ? ಅದಕ್ಕೇ ಈಮೇಲ್ ಮೊದಲು, ಮಾತು ಆಮೇಲೆ. ಕಿಟಕಿಯಿಂದ ಬೆಟ್ಟ ಕಾಣಲ್ಲ, ಊರಿನ ಚಂದ ಹಾಳಾಗುತ್ತದೆ ಅಂತೆಲ್ಲ ಬರೆಯಬೇಡಿ, ಅದರ ಮೇಲೆ ಅವರು ಯೋಜನೆ ತಿರಸ್ಕರಿಸೋಕಾಗಲ್ಲ. ಗ್ಯಾರೇಜ್‌ನಿಂದ ಕಾರು ಹೊರಗೆ ಬರುವಾಗ ಡ್ರೈವರಿಗೆ ಫುಟ್‌ಪಾತಿನ ಮಗು ಎಷ್ಟು ದೂರದಿಂದ ಕಾಣುತ್ತದೆ, ಆ ಗೋಡೆ ತಗ್ಗಿಸಬಹುದಾ, ಇಂಥದ್ದು ಕೇಳಿ. ನಕ್ಷೆಯ ಹಾಳೆ ನಂಬರ್ ಹಾಕಿ ಕೇಳಿ.

ಅತ್ತೆಯವರು ಧಾರಾಳವಾಗಿ ಮಾತಾಡಲಿ. ಅನುವಾದಕರ ಮೂಲಕ ಮಾತಾಡೋರಿಗೆ ಎರಡರಷ್ಟು ಸಮಯ ಕೊಡಬೇಕು ಅಂತ 2016ರಲ್ಲೇ ಕಾನೂನು ಆಗಿದೆ, ಎಬಿ 1787. ಬೇರೆಯವರಿಗೆ 3 ನಿಮಿಷ ಇದ್ದರೆ ಅವರಿಗೆ 6. ಸಿಟಿ ಕನ್ನಡ ದುಭಾಷಿಯನ್ನು ಕೊಡೋದು ಅನುಮಾನ, ನೀವೇ ಪಕ್ಕದಲ್ಲಿ ಕೂತು ಹೇಳಿ. ಕ್ಲರ್ಕ್‌ಗೆ ಮುಂಚೆಯೇ ತಿಳಿಸಿ. ಲ್ಯಾಂಡ್‌ಲೈನ್ ಇದ್ದರೆ ಅದೇ ಒಳ್ಳೇದು, ಕೈ ಎತ್ತೋಕೆ ಸ್ಟಾರ್ 9, ಮ್ಯೂಟ್ ತೆಗೆಯೋಕೆ ಸ್ಟಾರ್ 6.

ಫ್ರೀಮಾಂಟ್_ಪುಟ್ಟಣ್ಣ

ಹುಳು ಅವರೇ, ಕಾನೂನು ಹೇಳಿದ್ದು ಸರಿ, ಆದರೆ ನೀವು ಟೇಬಲ್ಲಿನ ಆ ಕಡೆ ಕೂರೋರು ಅಲ್ವಾ. ಹಾಲ್‌ನಲ್ಲಿ ಒಬ್ಬಮ್ಮ ಮಾತಾಡುವಾಗ ಹಿಂದೆ ಐವತ್ತು ಜನ ಎದ್ದು ನಿಂತರೆ ಕಮಿಷನರ್ ಮುಖ ಬದಲಾಗೋದನ್ನ ನಾನೇ ನೋಡಿದ್ದೀನಿ. ವೆಬಿನಾರ್‌ನಲ್ಲಿ ನಾವು ಯಾರಿಗೂ ಕಾಣಲ್ಲ. ಒಬ್ಬರಿಗೊಬ್ಬರು ಸಹ ಕಾಣಲ್ಲ, ಮೂಲೆಯಲ್ಲಿ ಎಷ್ಟು ಜನ ಇದ್ದಾರೆ ಅಂತ ಒಂದು ನಂಬರ್ ಇರುತ್ತದೆ ಅಷ್ಟೆ. ಹೆಸರು ಕರೀತಾರೆ, ಮಾತಾಡ್ತೀರಿ, ಮೂರು ನಿಮಿಷಕ್ಕೆ ಟಕ್ ಅಂತ ಮ್ಯೂಟ್. ಅತ್ತ ಬಿಲ್ಡರ್ ಕಡೆಯವರಿಗೆ ಮಾತ್ರ ಕ್ಯಾಮೆರಾ, ಸ್ಲೈಡು, ಮಾತಿಗೆ ಮಾತು ಎಲ್ಲ ಉಂಟು. ಇಬ್ಬರೂ ಒಂದೇ ಜೂಮ್‌ನಲ್ಲಿದ್ದೇವೆ ಅಂದರೆ ನಂಬಬೇಕಾ?

ಕಡತದ_ಹುಳು

ಸ್ಲೈಡಿನ ವಿಷಯ ಒಪ್ತೀನಿ, ಅದು ನ್ಯಾಯ ಅಲ್ಲ. ಆದರೆ ಹಾಲ್‌ನಲ್ಲಿ ಎದ್ದು ನಿಲ್ಲೋ ಆ ಐವತ್ತು ಜನ ಯಾರು? ಸಂಜೆ 7ಕ್ಕೆ ಬಂದು ರಾತ್ರಿ 11ರವರೆಗೆ ಕೂರೋಕೆ ಪುರುಸೊತ್ತು ಇರೋರು, ಬಹುಪಾಲು ಸ್ವಂತ ಮನೆಯವರು. ಈಗ ಎಳೆ ಮಗು ಎತ್ತಿಕೊಂಡೋರು, ಪಾಳಿ ಕೆಲಸದೋರು, ಬಾಡಿಗೆದಾರರು ಎಲ್ಲ ಕರೆ ಮಾಡ್ತಿದ್ದಾರೆ. ನಮ್ಮೂರಿನ ಸಭೆಗಳಲ್ಲಿ ಕೇಳಿರದ ದನಿಗಳು ಕೇಳ್ತಿವೆ.

ಜಯನಗರದ_ಪಾರ್ಕ್‌ಬೆಂಚು

ನಿಮ್ಮದನ್ನೆಲ್ಲ ಓದಿ ಹೊಟ್ಟೆಕಿಚ್ಚಾಯಿತು. ಇಲ್ಲಿ ದೊಡ್ಡ ಯೋಜನೆಗಳ ಪರಿಸರ ಅಹವಾಲು ಸಭೆ 2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆ ಪ್ರಕಾರ ನಡೆಯಬೇಕು. ಯೋಜನೆಯ ಜಾಗದಲ್ಲೇ ಅಥವಾ ಅದರ ಹತ್ತಿರ, 30 ದಿನ ಮುಂಚೆ ನೋಟಿಸ್, ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಒಬ್ಬರು ಅಧ್ಯಕ್ಷತೆಗೆ, ಪೂರ್ತಿ ವಿಡಿಯೋ. ಕೊನೆಗೆ ಯಾರು ಏನು ಹೇಳಿದರು ಅನ್ನೋದರ ಸಾರಾಂಶವನ್ನು ಅಲ್ಲೇ ಜನರ ಭಾಷೆಯಲ್ಲಿ ಓದಿ ಹೇಳಬೇಕು, ಅವತ್ತೇ ಸಹಿ ಆಗಬೇಕು. ಶಾಮಿಯಾನದ ಕೆಳಗೆ ಮೈಕಿಗಾಗಿ ಕಿತ್ತಾಡುವ ರೈತ, ಜಮೀನು ಹೋಗೋದು ಅವನದು, ಅವನನ್ನು ಜೂಮಿಗೆ ಬಾ ಅಂದರೆ? ಹಳ್ಳಿಯಲ್ಲಿ ಸಿಗ್ನಲ್ ಸಿಗಬೇಕಾದರೆ ನೀರಿನ ಟ್ಯಾಂಕ್ ಹತ್ತಬೇಕು. ಇದರ ಮಧ್ಯೆ ಈಗ ಬಂದಿರುವ ಇಐಎ ಕರಡು ಆ 30 ದಿನವನ್ನು 20ಕ್ಕೆ ಇಳಿಸೋಕೆ ಹೊರಟಿದೆ, ಲಾಕ್‌ಡೌನ್ ಸಮಯ ನೋಡಿಕೊಂಡು. ಅಂಥ ಸಭೆಯನ್ನು ಮುಂದೂಡೋದೇ ಸರಿ ಅಂತ ನನ್ನ ವಾದ. ನಿಮ್ಮ ಅಪಾರ್ಟ್‌ಮೆಂಟಿನ ಲೆಕ್ಕ ಬೇರೆ, ಊರು ಎಬ್ಬಿಸೋ ಲೆಕ್ಕ ಬೇರೆ.

ಹಿತ್ತಲ_ನಿಂಬೆಗಿಡ (ಜುಲೈ 2020)

ಹಿಯರಿಂಗ್ ಆಯಿತು. ಯೋಜನೆ ಪಾಸಾಯಿತು. ಆದರೆ ಗ್ಯಾರೇಜ್ ಬಾಯಲ್ಲಿ ಗೋಡೆ ತಗ್ಗಿಸಬೇಕು, ಕಾರು ಬರುವಾಗ ಲೈಟ್ ಹೊತ್ತಿಕೊಳ್ಳಬೇಕು ಅಂತ ಷರತ್ತು ಹಾಕಿದರು. ಹಾಳೆ ನಂಬರ್ ಹಾಕಿ ಬರೆದ ಈಮೇಲನ್ನು ಒಬ್ಬ ಕಮಿಷನರ್ ಓದಿಯೇ ಬಂದಿದ್ದರು. ಅತ್ತೆ ಮಾತು ಶುರು ಮಾಡಿದಾಗ ಟೈಮರ್ 3 ನಿಮಿಷಕ್ಕೇ ಇಟ್ಟಿದ್ದರು, ನಾನು ಎಬಿ 1787 ಅಂದ ಕೂಡಲೇ ಕ್ಲರ್ಕ್ ತಡಬಡಾಯಿಸಿ ಸರಿ ಮಾಡಿದರು. ಅತ್ತೆ ಇನ್ನೂ ಹೇಳೋದಿತ್ತು ಅಂತಾರೆ. ಪುಟ್ಟಣ್ಣ ಸರ್, ನೀವು ಹೇಳಿದ್ದೂ ನಿಜ. ಬಿಲ್ಡರ್ ವಕೀಲರು ನಾಲ್ಕು ಸಲ ಮಾತಾಡಿದರು.

ರೆಡಿಂಗ್_ಮಳೆ (ಮೇ 2021)

ಹಳೇ ಚರ್ಚೆ ಕೆದಕಿದ್ದಕ್ಕೆ ಬೈಬೇಡಿ. ಇಂಗ್ಲೆಂಡಿನಲ್ಲಿ ಈಗ ಉಲ್ಟಾ ಕಥೆ. ಕಳೆದ ವರ್ಷ ಏಪ್ರಿಲ್‌ನಿಂದ ಕೌನ್ಸಿಲ್ ಸಭೆ, ಪ್ಲಾನಿಂಗ್ ಕಮಿಟಿ ಎಲ್ಲ ಆನ್‌ಲೈನ್ ಇತ್ತು. ಹ್ಯಾಂಡ್‌ಫರ್ತ್ ಅನ್ನೋ ಊರಿನ ಸಭೆಯಲ್ಲಿ ಜಾಕಿ ವೀವರ್ ಎಂಬಾಕೆ ಚೇರ್ಮನ್ನರನ್ನೇ ಜೂಮ್‌ನ ವೇಟಿಂಗ್ ರೂಮಿಗೆ ತಳ್ಳಿದ ವಿಡಿಯೋ ನೋಡಿರಬೇಕು, ಅದೂ ಪ್ಲಾನಿಂಗ್ ಕಮಿಟಿಯದೇ. ಆ ಅನುಮತಿ ಮೇ 7ಕ್ಕೆ ಮುಗಿಯಿತು. 1972ರ ಸ್ಥಳೀಯ ಸರ್ಕಾರ ಕಾಯಿದೆಯಲ್ಲಿ ಸಭೆ ಅಂದರೆ ಎಲ್ಲರೂ ಒಂದು ಕಡೆ ಕೂಡೋದೇ, ಬದಲಾಯಿಸಬೇಕಾದರೆ ಪಾರ್ಲಿಮೆಂಟ್ ಬದಲಾಯಿಸಲಿ ಅಂತ ಹೈಕೋರ್ಟ್ ಏಪ್ರಿಲ್ 28ರಂದು ಹೇಳಿಬಿಟ್ಟಿತು. ಪಕ್ಕದ ವೇಲ್ಸ್‌ನವರು ತಮ್ಮದೇ ಕಾಯಿದೆ ಮಾಡಿಕೊಂಡು ಆನ್‌ಲೈನ್ ಮುಂದುವರಿಸಿದ್ದಾರೆ. ಎರಡನೇ ಲಸಿಕೆ ಆಗದ ಕೌನ್ಸಿಲರ್‌ಗಳು ಈಗ ಸ್ಪೋರ್ಟ್ಸ್ ಹಾಲ್ ಹುಡುಕಿಕೊಂಡು ದೂರ ದೂರ ಕುರ್ಚಿ ಹಾಕಬೇಕು.

ಹೊಸಬ_ಸನ್ನಿವೇಲ್ (2023ರ ಕೊನೆ)

ಇದೆಲ್ಲ ಈಗಲೂ ನಡೆಯುತ್ತಾ? ನಮಗೂ ಒಂದು ಕಾರ್ಡ್ ಬಂದಿದೆ.

ಕಡತದ_ಹುಳು

ರಾಜ್ಯದ ತುರ್ತುಸ್ಥಿತಿ ಫೆಬ್ರವರಿ 28ಕ್ಕೆ ಮುಗಿದಿದೆ. ಕಮಿಷನರ್‌ಗಳು ವಾಪಸ್ ಹಾಲಿಗೆ ಬಂದಿದ್ದಾರೆ. ಜನರಿಗೆ ಜೂಮ್ ಬಿಡೋದು ಬಿಡದಿರೋದು ಹೆಚ್ಚುಕಮ್ಮಿ ಆಯಾ ಸಿಟಿಯ ಇಷ್ಟ. ಈ ವರ್ಷ ಕೆಲವರು ಗುಂಪು ಕಟ್ಟಿಕೊಂಡು ಫೋನಲ್ಲಿ ಬಂದು ಜನಾಂಗದ ಹೆಸರಲ್ಲಿ ಬಾಯಿಗೆ ಬಂದಂತೆ ಬೈದರು, ಅದಾದ ಮೇಲೆ ಹಲವು ಕಡೆ ಆ ದಾರಿ ಮುಚ್ಚಿದರು. ಕಾರ್ಡಿನ ಹಿಂದೆ ಚಿಕ್ಕ ಅಕ್ಷರದಲ್ಲಿರುತ್ತದೆ, ಓದಿ ನೋಡಿ. ಈಮೇಲ್ ಮಾತ್ರ ಇವತ್ತೇ ಕಳಿಸಿ. ಸಭೆಯ ದಿನ ಮಧ್ಯಾಹ್ನ ಕಳಿಸಿದರೆ ಕಮಿಷನರ್ ಅದನ್ನ ಓದಿರಲ್ಲ.