ಡೈಸನ್, ಹೂಮಳೆ ಮತ್ತು ಅಜ್ಜನ ಮಳೆ ಪುಸ್ತಕ

ಮಾರ್ಚ್ ಮುಗಿಯುತ್ತಾ ಬಂದಿತ್ತು. ಮೂಡಿಗೆರೆ ಕಡೆ ಇನ್ನೂ ಹೂಮಳೆ, ಅಂದರೆ ಕಾಫಿ ಮೊಗ್ಗು ಅರಳಿಸುವ ಮಳೆ, ಬಿದ್ದಿರಲಿಲ್ಲ. ಆಗ ಕಾಫಿ ತೋಟದವರ ಮನಸ್ಸು ಹೇಗಿರುತ್ತದೆ ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಗಿಡದ ತುಂಬ ಮೊಗ್ಗು ಇರುತ್ತದೆ. ಸಂಜೆ ಮೋಡ ಕಟ್ಟುತ್ತದೆ, ಹಾಗೇ ಹೋಗುತ್ತದೆ. ಅಂಥ ಒಂದು ಸಂಜೆ ದೊಡ್ಡಪ್ಪ ಮನೆ ಗ್ರೂಪಿಗೆ ಒಂದು ಫಾರ್ವರ್ಡ್ ಹಾಕಿದರು.

"ಡಿಗ್ರಿಯೇ ಇಲ್ಲದ ಮಹಾ ವಿಜ್ಞಾನಿ ಫ್ರೀಮನ್ ಡೈಸನ್! ಐನ್‌ಸ್ಟೈನ್ ಇದ್ದ ಸಂಸ್ಥೆಯಲ್ಲೇ ಪ್ರೊಫೆಸರ್! ಹವಾಮಾನ ಬದಲಾವಣೆ ಸುಳ್ಳು ಎಂದು ಸಾಬೀತು ಮಾಡಿದರು! ಎಲ್ಲರಿಗೂ ಕಳಿಸಿ."

ಅದರ ಕೆಳಗೆ ಅವರದೇ ಮಾತು: "ಸುಮ್ನೆ ಹೆದರಿಸ್ತಾರೆ. ಮಳೆ ಬಂದೇ ಬರುತ್ತೆ."

ಹಾಸನದಿಂದ ಅಣ್ಣ ಕೂಡಲೇ ಕೇಳಿದ: "ಎಲ್ಲಿ ಸಿಕ್ಕಿತು ಇದು? ಲಿಂಕ್ ಹಾಕಿ ದೊಡ್ಡಪ್ಪ."

"ನಿನಗೆ ಎಲ್ಲದಕ್ಕೂ ಲಿಂಕ್ ಬೇಕು."

"ಬೋರ್ ಪಾಯಿಂಟ್ ತೋರಿಸಿದವನನ್ನೂ ನೀವು ಹೀಗೇ ನಂಬಿದ್ರಿ. ನೀರು ಬಂತಾ?"

ಆ ಬೋರಿನ ವಿಷಯ ಎತ್ತಬಾರದಿತ್ತು. ನಾಲ್ಕು ವರ್ಷದ ಹಳೆ ಜಗಳ ಅದು. ಅತ್ತೆ ಕೈಮುಗಿಯುವ ಚಿತ್ರದ ಜೊತೆ ಬಂದರು: "ದೊಡ್ಡವರ ಹತ್ರ ಹೀಗಾ ಮಾತಾಡೋದು? ತುಂಬಿದ ಕೊಡ ತುಳುಕಲ್ಲ ಕಣಪ್ಪ."

ದೊಡ್ಡಪ್ಪನಿಗೆ ಸಿಟ್ಟು ಇಳಿದಿರಲಿಲ್ಲ. "ಡಿಗ್ರಿ ಇಲ್ಲದೆ ಅವನು ಅಷ್ಟು ಎತ್ತರಕ್ಕೆ ಹೋದ. ನಮ್ಮವರು ಪಿಎಚ್‌ಡಿ ಅಂತ ವರ್ಷಗಟ್ಟಲೆ ಕಳೆದು ಏನು ತಂದ್ರು?"

ಇದು ಯಾರಿಗೆ ಅಂತ ಎಲ್ಲರಿಗೂ ಗೊತ್ತು. ಚಿಕ್ಕಪ್ಪನ ಮಗಳು ಪಿಎಚ್‌ಡಿ ಅರ್ಧಕ್ಕೆ ಬಿಟ್ಟು ಬಂದು ಈಗ ತೋಟ ನೋಡಿಕೊಳ್ಳುತ್ತಿದ್ದಾಳೆ. ಅವಳೂ ಗ್ರೂಪಿನಲ್ಲಿದ್ದಾಳೆ. ಏನೂ ಬರೆಯಲಿಲ್ಲ. ನನಗೆ ಹೊಟ್ಟೆಯೊಳಗೆ ಸಂಕಟವಾಯಿತು.

ನಾನು ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳುತ್ತೇನೆ. ಡೈಸನ್ ಬಗ್ಗೆ ಓದಿದ್ದೇನೆ, ಆ ಮನುಷ್ಯ ನನಗೆ ತುಂಬಾ ಇಷ್ಟ. ಅಡುಗೆ ಅರ್ಧಕ್ಕೆ ಬಿಟ್ಟು ಕೂತು ಬರೆದೆ.

ಅವರಿಗೆ ಡಿಗ್ರಿ ಇತ್ತು, ಕೇಂಬ್ರಿಡ್ಜ್‌ನಲ್ಲಿ ಗಣಿತ ಓದಿದ್ದರು. ಇಲ್ಲದ್ದು ಪಿಎಚ್‌ಡಿ. 1947ರಲ್ಲಿ ಇಂಗ್ಲೆಂಡಿನಿಂದ ಅಮೆರಿಕದ ಕಾರ್ನೆಲ್‌ಗೆ ವಿದ್ಯಾರ್ಥಿಯಾಗಿ ಬಂದರು. ಬೆಳಕು ಮತ್ತು ಎಲೆಕ್ಟ್ರಾನ್ ಒಂದಕ್ಕೊಂದು ಹೇಗೆ ತಾಗುತ್ತವೆ ಎಂಬ ಲೆಕ್ಕ ಆಗ ಎಲ್ಲರನ್ನೂ ಕಾಡುತ್ತಿತ್ತು. ಮೂವರು ಭೌತವಿಜ್ಞಾನಿಗಳು ಅದನ್ನು ಬೇರೆಬೇರೆಯಾಗಿ ಬಿಡಿಸಿದ್ದರು. ಶ್ವಿಂಗರ್ ಪುಟಗಟ್ಟಲೆ ಸಮೀಕರಣ ಬರೆಯುತ್ತಿದ್ದರು. ಫೈನ್‌ಮನ್ ಸಣ್ಣ ಗೆರೆಚಿತ್ರ ಎಳೆದು ಅದೇ ಉತ್ತರ ತೆಗೆಯುತ್ತಿದ್ದರು, ಆದರೆ ಆ ಚಿತ್ರ ಬೇರೆಯವರಿಗೆ ಅರ್ಥವಾಗುತ್ತಿರಲಿಲ್ಲ. ಜಪಾನಿನಲ್ಲಿ ಟೊಮೊನಾಗಾ ತಮ್ಮದೇ ದಾರಿಯಲ್ಲಿ ಅಲ್ಲಿಗೇ ತಲುಪಿದ್ದರು. 1948ರ ಬೇಸಿಗೆಯಲ್ಲಿ ಡೈಸನ್ ಫೈನ್‌ಮನ್ ಜೊತೆ ದಿನಗಟ್ಟಲೆ ಕಾರಿನಲ್ಲಿ ತಿರುಗಿದರು. ಆಮೇಲೆ ಹೋಗಿ ಶ್ವಿಂಗರ್ ಪಾಠಕ್ಕೆ ಕೂತರು. ಕೊನೆಗೆ ರಾತ್ರಿ ಬಸ್ಸಿನಲ್ಲಿ ವಾಪಸ್ ಬರುವಾಗ ಇಬ್ಬರ ಲೆಕ್ಕವೂ ಒಂದೇ ಎಂದು ಹೊಳೆಯಿತು. 1949ರಲ್ಲಿ ಅದನ್ನು ಬರೆದು ತೋರಿಸಿದರು. ಇಬ್ಬರ ಮಾತನ್ನೂ ಪೂರ್ತಿ ಕೇಳಿಸಿಕೊಂಡವರು ಅವರು. 1965ರ ನೊಬೆಲ್ ಆ ಮೂವರಿಗೆ ಬಂತು, ಡೈಸನ್‌ಗೆ ಬರಲಿಲ್ಲ.

ಅಣುಬಾಂಬು ಸಿಡಿಸಿ ಓಡುವ ಅಂತರಿಕ್ಷ ನೌಕೆಯ ಲೆಕ್ಕ ಹಾಕಿದ್ದು, ಬೇರೆ ನಕ್ಷತ್ರದ ಜನ ತಮ್ಮ ಸೂರ್ಯನನ್ನೇ ಸುತ್ತುವರಿದಿದ್ದರೆ ಅದರ ಬಿಸಿಯಿಂದ ಅವರನ್ನು ಹುಡುಕಬಹುದು ಎಂದು 1960ರಲ್ಲಿ ಬರೆದದ್ದು, ಎಲ್ಲ ಸೇರಿಸಿದೆ. ಇನ್ನು ಹವಾಮಾನ. ಇಂಗಾಲದ ಡೈಆಕ್ಸೈಡ್ ಏರುತ್ತಿದೆ, ಭೂಮಿ ಬಿಸಿಯಾಗುತ್ತಿದೆ ಎಂಬುದನ್ನು ಅವರು ಒಪ್ಪಿದ್ದರು. ಅವರ ತಕರಾರು ಕಂಪ್ಯೂಟರ್ ಲೆಕ್ಕದ ಮೇಲೆ. ಮೋಡ, ದೂಳು, ಹೊಲ, ಕಾಡು ಆ ಲೆಕ್ಕದಲ್ಲಿ ಸರಿಯಾಗಿ ಬರುವುದಿಲ್ಲ, ಹೊರಗೆ ಹೋಗಿ ಅಳೆಯಬೇಕು ಎನ್ನುತ್ತಿದ್ದರು. ಅಪಾಯ ಅಷ್ಟು ದೊಡ್ಡದಲ್ಲ ಎಂದೂ ಹೇಳಿದರು. ಹವಾಮಾನ ಓದಿದ ಬಹುತೇಕರು ಅದನ್ನು ಒಪ್ಪಲಿಲ್ಲ. ನಾನೂ ಒಪ್ಪುವುದಿಲ್ಲ. 2019ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನ ಗುಡ್ಡ ಕುಸಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಅವರು ಸುಳ್ಳು ಎನ್ನಲಿಲ್ಲ, ಸಾಬೀತೂ ಮಾಡಲಿಲ್ಲ.

ಅಣ್ಣ ಹೆಬ್ಬೆರಳು ಎತ್ತಿದ. ಅತ್ತೆ, "ಇಷ್ಟುದ್ದ ಯಾರು ಓದ್ತಾರೆ ಮಗಳೇ" ಅಂದರು.

ಸಕಲೇಶಪುರದ ಚಿಕ್ಕಪ್ಪ ಮಾತ್ರ ಒಂದು ಪದ ಹಿಡಿದುಕೊಂಡರು. "ಅಳೆಯೋದು ಅಂದ ಕೂಡಲೇ ಅಪ್ಪ ನೆನಪಾದ್ರು. ಬೆಳಿಗ್ಗೆ ಎದ್ದು ಮಳೆ ಅಳೆಯೋ ಡಬ್ಬಿ ನೋಡೋರು. ಅಂಗಳದಿಂದಲೇ 'ನಲವತ್ತು ಸೆಂಟ್' ಅಂತ ಕೂಗೋರು. ನಾನು ಪುಸ್ತಕದಲ್ಲಿ ಬರೀಬೇಕು. ಬರೆದ ಮೇಲೇ ಕಾಫಿ." ನೂರು ಸೆಂಟ್ ಸೇರಿದರೆ ಒಂದು ಇಂಚು. ಈಗಲೂ ನಮ್ಮಲ್ಲಿ ಮಳೆ ಲೆಕ್ಕ ಹಾಗೇ.

ಆಮೇಲೆ ಅವರೇ ಕೇಳಿದರು: "ಆ ಪುಸ್ತಕ ಈಗ ಯಾರ ಹತ್ರ ಇದೆ?"

ದೊಡ್ಡಪ್ಪ: "ಹಿಸ್ಸೆ ಆದಾಗ ಟ್ರಂಕ್ ಹೊತ್ಕೊಂಡು ಹೋದವರನ್ನ ಕೇಳು."

ಅತ್ತೆ: "ಟ್ರಂಕ್ ಅಮ್ಮ ನನಗೆ ಕೈಯಾರೆ ಕೊಟ್ಟಿದ್ದು. ಅದರಲ್ಲಿ ಸೀರೆ ಬಿಟ್ರೆ ಏನೂ ಇರಲಿಲ್ಲ. ಹಿತ್ತಾಳೆ ಹಂಡೆ ಎಲ್ಲಿ ಹೋಯ್ತು, ಅದನ್ನ ಮೊದಲು ಹೇಳಲಿ."

ಅಲ್ಲಿಗೆ ಡೈಸನ್ ಕಥೆ ಮುಗಿಯಿತು. ಟ್ರಂಕ್, ಹಂಡೆ, ಅಜ್ಜಿಯ ಕಡೆಯ ದಿನಗಳಲ್ಲಿ ಯಾರು ಎಷ್ಟು ಸಲ ಬಂದರು ಎಂಬ ಲೆಕ್ಕ. ಒಂಬತ್ತು ಗಂಟೆಗೆ ನಾನು ಫೋನ್ ಮಗುಚಿಟ್ಟೆ.

ಹನ್ನೊಂದಕ್ಕೆ ನೋಡಿದರೆ ಪಿಎಚ್‌ಡಿ ಬಿಟ್ಟು ಬಂದ ಆ ತಂಗಿಯ ಮೆಸೇಜ್ ಇತ್ತು. ಆ ದಿನ ಅವಳು ಬರೆದದ್ದು ಅದೊಂದೇ.

"ಪುಸ್ತಕ ಟ್ರಂಕಲ್ಲಿ ಇರ್ಲಿಲ್ಲ. ಗೋಡೌನ್ ಅಟ್ಟದಲ್ಲಿತ್ತು. ಒಂದು ವರ್ಷದಿಂದ ಕಂಪ್ಯೂಟರ್‌ಗೆ ಏರಿಸ್ತಾ ಇದೀನಿ. ಅಜ್ಜ ಹೂಮಳೆ ಬಿದ್ದ ದಿನಕ್ಕೆ ಕೆಂಪು ಗೆರೆ ಹಾಕಿದಾರೆ. ಅಜ್ಜ ಹೋದ ವರ್ಷಕ್ಕೆ ನಿಂತುಹೋಗಿದೆ."

ಜೊತೆಗೆ ಒಂದು ಪುಟದ ಫೋಟೋ. ಅಜ್ಜನ ಓರೆ ಅಕ್ಷರ. ಅಂಚಿನಲ್ಲಿ ಗೆದ್ದಲು ತಿಂದಿದೆ.

ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ ಎಂದು ತೋರಿಸಿತು. ನಿಂತಿತು. ಮತ್ತೆ ತೋರಿಸಿತು.

"ನಿಂತಿಲ್ಲ. ಅಪ್ಪ ಹೋದ ಮೇಲೆ ನಾನು ಅಳೆದಿದೀನಿ. ಇವತ್ತಿನವರೆಗೂ ಇದೆ. ಭಾನುವಾರ ಬಾ, ಕೊಡ್ತೀನಿ. ಒದ್ದೆ ಮಾಡಬೇಡ."